ಅಪ್ಪನ ಲಾರಿಗೊಂದು ಪ್ರೊಸೆಸರ್

ಅಪ್ಪನಿಗೆ ಗೇಮಿಂಗ್ ಕಂಪ್ಯೂಟರ್ ಮಾಡಿಸುವ ಯೋಚನೆ ನನ್ನದು ಎಂದು ನಾನು ಎಲ್ಲರಲ್ಲೂ ಹೇಳುತ್ತೇನೆ. ಅಪ್ಪ ತಮ್ಮದು ಎನ್ನುತ್ತಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳಾದ್ದರಿಂದ ಸಾಕ್ಷಿ ಹುಡುಕಿದೆ, ಸಿಗಲಿಲ್ಲ. ಇಬ್ಬರದ್ದೂ ಎಂದಿರಲಿ.

ಅಪ್ಪ ಪುತ್ತೂರಿನಿಂದ ಸವಣೂರು ದಾಟಿ ಕಡಬಕ್ಕೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದವರು. ಬಲಗಣ್ಣಿನ ದೃಷ್ಟಿ ಹೋದ ಮೇಲೆ, ಎದುರಿನ ವಾಹನ ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಮಗೆ ಸಿಗುತ್ತಿಲ್ಲವೆಂದು ತಾವೇ ಮಾಲೀಕರಿಗೆ ಹೇಳಿ ಬಸ್ಸು ಬಿಟ್ಟರು. ಆಮೇಲೆ ಅವರು ಯಾರ ಕಾರಿನಲ್ಲೂ ಮುಂದಿನ ಸೀಟಿನಲ್ಲಿ ಕೂತದ್ದಿಲ್ಲ. ಕೂತದ್ದು ನನಗೆ ನೆನಪಿಲ್ಲ ಎಂದು ಬರೆಯುವುದು ಹೆಚ್ಚು ಸರಿ.

ಪರದೆಯ ಮೇಲಿನ ರಸ್ತೆಗಾದರೆ ಒಂದೇ ಕಣ್ಣು ಸಾಕು, ಅಲ್ಲಿ ಎಲ್ಲವೂ ಚಪ್ಪಟೆ. ಪರಿಚಯದವರೊಬ್ಬರಿಂದ ಆಟದ ಸ್ಟಿಯರಿಂಗ್ ತಂದು, ನನ್ನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಲಾರಿ ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. ಚಿತ್ರ ತಡೆತಡೆದು ಜಿಗಿಯುತ್ತಿತ್ತು. ಸ್ವಲ್ಪ ಹೊತ್ತಿಗೇ ಅಪ್ಪ ಕಣ್ಣು ಒತ್ತಿಕೊಂಡು ಎದ್ದರು. ಉಳಿದ ಕಣ್ಣನ್ನು ದಣಿಸಬೇಡಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಚಿತ್ರ ನೀರಿನ ಹಾಗೆ ಹರಿದರೆ ಮಾತ್ರ ಇನ್ನೊಮ್ಮೆ ಕೂರುವುದು, ಇಲ್ಲದಿದ್ದರೆ ಈ ಸುದ್ದಿಯೇ ಬೇಡ ಎಂದರು ಅಪ್ಪ. ನಮ್ಮ ಮನೆಮಾತು ತುಳು. ಅವರ ಮಾತನ್ನು ನಾನು ಕನ್ನಡಕ್ಕೆ ತಂದು ಬರೆಯುತ್ತಿರುವುದರಿಂದ ಇಲ್ಲಿನ ಅಪ್ಪ ಮನೆಯ ಅಪ್ಪನಿಗಿಂತ ಸ್ವಲ್ಪ ಮೆತ್ತಗಿದ್ದಾರೆ.

ಹೊಸ ಕಂಪ್ಯೂಟರಿನ ಭಾಗಗಳನ್ನು ಆರಿಸಲು ಕೂತಾಗ ಅವರು ಎಲ್ಲವನ್ನೂ ಬಸ್ಸಿನ ಭಾಷೆಗೆ ತಿರುಗಿಸಿದರು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಎಂಜಿನ್ ಆಯಿತು, ಅದರ ಪಿಕಪ್ ಹೇಗೆ ಎಂದು ವಿಚಾರಿಸಿದರು. ಬಣ್ಣದ ದೀಪಗಳ ಗಾಜಿನ ಕ್ಯಾಬಿನೆಟ್ಟು ನನಗೆ ಇಷ್ಟವಾಗಿತ್ತು. ಅದು ಟೂರಿಸ್ಟ್ ಬಸ್ಸಿನವರಿಗೆ, ನಮ್ಮದು ಲೈನ್ ಬಸ್ಸು ಎಂದು ತಳ್ಳಿಹಾಕಿದರು. ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಒಳ್ಳೆಯದೇ ಬೇಕೆಂದು ಇಬ್ಬರೂ ಒಪ್ಪಿದೆವು. ಸುತ್ತಲಿನ ತೋಟದ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ನಮ್ಮ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ. ಕಾರ್ಡು ದೊಡ್ಡದಾಗಲಿ ಎಂದು, ಭಾಗಗಳನ್ನೆಲ್ಲ ಕೂರಿಸುವ ಮದರ್‌ಬೋರ್ಡಿನಲ್ಲಿ ದುಡ್ಡು ಉಳಿಸಿದೆ. ಬೋರ್ಡು ಸ್ವಲ್ಪ ಹಳೆಯದು, ಅದರ ಮೇಲೆ ಕೂರುವ ಪ್ರೊಸೆಸರು ಹೊಸದು.

ಎರಡೂ ಹೊಂದುತ್ತವೆಯೇ ಎಂದು ಪುತ್ತೂರಿನ ಕಂಪ್ಯೂಟರ್ ಅಂಗಡಿಯವರಲ್ಲಿ ಕೇಳಿದೆ. ಅವರು ಕಡಬದ ಕಡೆಯವರು, ಮನೆಯಲ್ಲಿ ಮಲಯಾಳ, ನಮ್ಮೊಡನೆ ಕನ್ನಡ. "ಈ ಬೋರ್ಡಿಗೆ ಈ ಪ್ರೊಸೆಸರ್ ಆಗ್ತದಾ?" ಎಂದೆ. "ಆಗ್ತದೆ, ಆಗ್ತದೆ," ಎಂದರು. ಅಷ್ಟಕ್ಕೆ ನಾನು ನಿಶ್ಚಿಂತಳಾದೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ ಸ್ವಿಚ್ಚು ಒತ್ತಿದೆ. ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಇತ್ತು. ಮೆಮೊರಿ ತೆಗೆದು ಮತ್ತೆ ಹಾಕಿದೆ, ಕೇಬಲ್ಲು ಬದಲಿಸಿದೆ, ಏನೂ ಆಗಲಿಲ್ಲ. ಪ್ರೊಸೆಸರು ಕೂರಿಸುವಾಗ ಟಕ್ಕೆಂದು ಏನೋ ಮುರಿದ ಸದ್ದಾಗಿತ್ತು ಎಂದು ಅನ್ನಿಸತೊಡಗಿತು. ಸದ್ದು ನಿಜವಾಗಿಯೂ ಆಗಿತ್ತೋ, ಪರದೆ ಕಪ್ಪಾದ ಮೇಲೆ ಹುಟ್ಟಿಕೊಂಡಿತೋ, ಈಗಲೂ ಹೇಳಲಾರೆ. ಅಪ್ಪ ಸ್ಟಿಯರಿಂಗನ್ನು ಅದರ ಪೆಟ್ಟಿಗೆಗೆ ತುಂಬಿಸತೊಡಗಿದರು. ಬೈದಿದ್ದರೆ ಲೇಸಾಗುತ್ತಿತ್ತು.

ಮರುದಿನ ಕ್ಯಾಬಿನೆಟ್ಟನ್ನೂ ಬೋರ್ಡಿನ ಖಾಲಿ ಪೆಟ್ಟಿಗೆಯನ್ನೂ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಅಂಗಡಿಗೆ ಹೋದೆವು. ಅಂಗಡಿಯವರು ಬೋರ್ಡಿನ ಪೆಟ್ಟಿಗೆ ತಿರುಗಿಸಿ ನೋಡಿ ನಕ್ಕರು.

"ಪ್ರೊಸೆಸರಿಗೆ ಎಂತದೂ ಆಗ್ಲಿಲ್ಲ ಮೇಡಂ. ಬೋರ್ಡ್ ಹಳೇ ಸ್ಟಾಕು. ಅಪ್‌ಡೇಟ್ ಹಾಕದೆ ಅದಕ್ಕೆ ಇದರ ಗುರ್ತ ಸಿಗುದಿಲ್ಲ."

"ನೀವು ಆಗ್ತದೆ ಅಂತ ಹೇಳಿದ್ದಲ್ವಾ?"

"ತರಿಸ್ಲಿಕ್ಕೆ ಆಗ್ತದಾ ಅಂತ ನೀವು ಕೇಳಿದ್ದು. ಅದಕ್ಕೆ ಆಗ್ತದೆ ಅಂದದ್ದು."

ಅಪ್ಪ ನಡುವೆ ಬಾಯಿ ಹಾಕಿದರು. "ಇವಳಿಗೆ ಎಂ.ಎ. ಉಂಟು ಮಾರಾಯ್ರೆ. ಪ್ರಶ್ನೆ ಕೇಳ್ಲಿಕ್ಕೆ ಮಾತ್ರ ಬರುದಿಲ್ಲ."

ಹೊಂದುತ್ತದೆ, ಸಾಧ್ಯ, ಒಪ್ಪಿಗೆ, ಸಾಕು, ನೋಡೋಣ, ಇವೆಲ್ಲಕ್ಕೂ ನಮ್ಮಲ್ಲಿ ಒಂದೇ ಮಾತು, 'ಆಗ್ತದೆ'. ತುಳುವಿನ 'ಆಪುಂಡು' ಕೂಡ ಇಷ್ಟೇ ಉದಾರಿ. ಮೇಲೆ ಉದ್ಧರಣ ಚಿಹ್ನೆ ಹಾಕಿ ಬರೆದ ನನ್ನ ಪ್ರಶ್ನೆ ನನಗೆ ಸ್ಪಷ್ಟವಾಗಿ ನೆನಪಿದೆ, ಆದರೆ ಆ ಸ್ಪಷ್ಟತೆಯ ಮೇಲೇ ನನಗೆ ಸಂಶಯ. ಆಡಿದ ಮಾತು ಅಷ್ಟು ಚೊಕ್ಕವಾಗಿ ಉಳಿಯುವುದಿಲ್ಲ. ಸಮರ್ಥಿಸಿಕೊಳ್ಳಲು ಮನಸ್ಸಿನಲ್ಲಿ ಹತ್ತಾರು ಸಲ ಹೇಳಿಕೊಂಡ ಮಾತು ಉಳಿಯುತ್ತದೆ. ಅಂಗಡಿಯವರಿಗೂ ತಮ್ಮ ನೆನಪು ಅಷ್ಟೇ ಸ್ಪಷ್ಟವಾಗಿತ್ತು.

ಅವರು ತಮ್ಮಲ್ಲಿದ್ದ ಹಳೆಯ ಪ್ರೊಸೆಸರೊಂದನ್ನು ಹಾಕಿ, ಪೆನ್‌ಡ್ರೈವಿನಿಂದ ಅಪ್‌ಡೇಟ್ ಏರಿಸಿದರು. ಅದು ಮುಗಿಯುವವರೆಗೆ ಕರೆಂಟು ಹೋದರೆ ಬೋರ್ಡೇ ಹೋದೀತು ಎಂದಾಗ ಅಪ್ಪನೂ ನಾನೂ ಒಟ್ಟಿಗೆ ಅಂಗಡಿಯ ಟ್ಯೂಬ್‌ಲೈಟು ನೋಡಿದೆವು. ಕರೆಂಟು ಹೋಗಲಿಲ್ಲ. ಆಮೇಲೆ ನಮ್ಮ ಪ್ರೊಸೆಸರು ಕೂರಿಸಿದರು. ಪರದೆ ಬೆಳಗಿತು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಏನೂ ಮುರಿದಿರಲಿಲ್ಲ.

ಮನೆಗೆ ಬಂದು ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ತಾವೇ ಸ್ಟಿಯರಿಂಗನ್ನು ಹೊರತೆಗೆದು ಮೇಜಿಗೆ ಬಿಗಿದರು. ಯಾವುದೋ ದೇಶದ ರಸ್ತೆ, ಎಲ್ಲೂ ತಡೆಯದೆ ಹರಿಯಿತು. ಹಿಂದೆ ಮುಂದೆ ಒಂದು ವಾಹನವೂ ಇಲ್ಲದಿದ್ದರೂ ಅವರು ಪ್ರತಿ ತಿರುವಿಗೂ ಇಂಡಿಕೇಟರ್ ಹಾಕುತ್ತಿದ್ದರು. ನಾನು ಪರದೆ ನೋಡಲಿಲ್ಲ, ಅವರ ಎಡಗಣ್ಣು ನೋಡುತ್ತಿದ್ದೆ. ಅವರು ಅದನ್ನು ಒಮ್ಮೆಯೂ ಒತ್ತಿಕೊಳ್ಳಲಿಲ್ಲ. ಕೊನೆಗೆ ತಡೆಯಲಾರದೆ, ಕಣ್ಣಿಗೆ ತ್ರಾಸವಿಲ್ಲವಲ್ಲ ಎಂದು ಕೇಳಿದೆ.

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಡ್ರೈವರ್ ಹತ್ರ ಮಾತಾಡ್ಲಿಕ್ಕಿಲ್ಲ," ಎಂದರು. "ಹಿಂದೆ ಹೋಗಿ ಕೂತುಕೋ."

ಹೋಗಿ ಕೂತೆ.