ಕೇಳದೆ ಕಟ್ಟಿದ ಸ್ಕ್ಯಾನಿಂಗ್ ಕೋಣೆ

ತೊಂಬತ್ತರ ದಶಕದ ಶುರುವಿನ ಮಾತು. ನಾನು ಎಂಬಿಬಿಎಸ್ ಮುಗಿಸಿ ಹಾವೇರಿಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿ ವರ್ಷವಾಗಿತ್ತು. ಗಂಡನ ಮನೆ ರಾಣೆಬೆನ್ನೂರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗಂಡನ ಅಣ್ಣ, ನನ್ನ ಭಾವ, ಊರಿನಲ್ಲಿ ಹೆಸರಿದ್ದ ಸರ್ಜನ್. ಅವರ ನರ್ಸಿಂಗ್ ಹೋಮ್ ಕೆಳಗೆ, ನಮ್ಮೆಲ್ಲರ ಮನೆ ಮೇಲೆ. ನನ್ನ ಗಂಡ ಅಲ್ಲಿಯೇ ಔಷಧಿ ಅಂಗಡಿ ನೋಡಿಕೊಳ್ಳುತ್ತಿದ್ದರು.

ಒಂದು ಸಂಜೆ ಬಸ್ಸಿಳಿದು ಬಂದಾಗ ಗೌಂಡಿಗಳು ಕೆಳಗಿನ ಮೂಲೆಕೋಣೆಯ ಕಿಟಕಿಗೆ ಇಟ್ಟಂಗಿ ಇಟ್ಟು ಮುಚ್ಚುತ್ತಿದ್ದರು. ಭಾವ ನಿಂತು ನೋಡುತ್ತಿದ್ದರು.

"ಸ್ಕ್ಯಾನಿಂಗ್ ಮಷಿನ್ ಬರತೈತಿ ನೋಡವಾ. ಒಳಗ ಬೆಳಕ ಬರಬಾರದು," ಅಂದರು. "ಪೀಜಿ ಪರೀಕ್ಷೆ ಬರದೀಯಲ್ಲ, ರೇಡಿಯಾಲಜಿ ತಗೋ. ಓದಿ ಬಂದು ಇಲ್ಲೇ ಕುಂದ್ರು."

"ನಾ ಮಕ್ಕಳ ವಿಭಾಗ ತಗೋಬೇಕಂತ ಮಾಡೇನ್ರಿ."

"ಮಕ್ಕಳ ಡಾಕ್ಟರಿಗೆ ಹೊತ್ತು ಗೊತ್ತು ಇರೂದಿಲ್ಲ. ಇದಾದ್ರ ಹತ್ತಕ್ಕ ಕೆಳಗ ಇಳಿ, ಐದಕ್ಕ ಮ್ಯಾಲೆ ಬಾ. ಮನ್ಯಾಗಿನ ಹೆಣ್ಮಗಳಿಗೆ ಇದಕ್ಕಿಂತ ಚಲೋದು ಯಾವುದೈತಿ?"

ದನಿಯಲ್ಲಿ ಅಕ್ಕರೆಯೇ ಇತ್ತು. ಸಿಟ್ಟು ಮಾಡಿದ್ದರೆ ನಾನೂ ಎದುರು ಮಾತಾಡುತ್ತಿದ್ದೆನೇನೋ. ಮೆಟ್ಟಿಲು ಹತ್ತಿದೆ.

ನನಗೆ ಆ ವಾರ್ಡಿನ ಹುಚ್ಚು ಹಿಡಿದಿತ್ತು. ವಾಂತಿಭೇದಿಯಾಗಿ ಬತ್ತಿಹೋದ ಕೂಸುಗಳು ಬರುತ್ತಿದ್ದವು. ಕೈಯಲ್ಲಿ ರಕ್ತನಾಳ ಸಿಗದೆ ತಲೆಯಲ್ಲಿ ಹುಡುಕಿ ಸೂಜಿ ಹಾಕಬೇಕು. ಸಲಾಯಿನ್ ಇಳಿದು ಎರಡು ತಾಸಿಗೆ ಕೂಸು ಕಿರ್ರೆಂದು ಅತ್ತರೆ ತಾಯಿ, ನರ್ಸು, ನಾನು ಎಲ್ಲರೂ ನಗುತ್ತಿದ್ದೆವು.

ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕೇ ಬಂತು. ಮರುವಾರ ತವರಿಗೆ, ಬ್ಯಾಡಗಿಗೆ ಹೋದೆ. ಅಪ್ಪ ನಿವೃತ್ತ ಮಾಸ್ತರರು. ಭಾವನಿಗೆ ಒಂದು ಮಾತು ಹೇಳಿಯಾರು ಎಂಬ ಆಸೆ. ಮೆಣಸಿನಕಾಯಿ ಸುಗ್ಗಿ, ಘಾಟಿಗೆ ಊರಿಗೆ ಊರೇ ಕೆಮ್ಮುತ್ತಿತ್ತು.

"ಲಗ್ನ ಆದಮ್ಯಾಲೆ ಸೊಸಿನ್ನ ಓದಸೂ ಮನಿ ಎಷ್ಟದಾವ?" ಅಂದರು ಅಪ್ಪ. "ಅವರಾಗೇ ಓದು ಅನ್ನಾಕತ್ತಾರ. ಯಾವುದರ ಯಾಕ ಆಗವಲ್ತು, ಓದು."

ಕಣ್ಣೊರೆಸಿಕೊಂಡೆ. ಆ ದಿನಗಳಲ್ಲಿ ಅಲ್ಲಿ ಎಲ್ಲರ ಕಣ್ಣಲ್ಲೂ ನೀರು. ಅವ್ವ ಯಾಕೆಂದು ಕೇಳಲಿಲ್ಲ.

ಬೆಂಗಳೂರಿಗೆ ಕೌನ್ಸೆಲಿಂಗಿಗೆ ಭಾವನೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಬುತ್ತಿ ಬಿಚ್ಚಿ ಕೊಟ್ಟರು, ನೀರು ತಂದುಕೊಟ್ಟರು. ನನ್ನ ಸರದಿ ಬಂದಾಗ ಬಾಗಿಲಲ್ಲಿದ್ದವನು ಅವರನ್ನು ತಡೆದ. ಅಭ್ಯರ್ಥಿ ಒಬ್ಬರೇ ಒಳಗೆ ಹೋಗಬೇಕಂತೆ.

ಮೇಜಿನ ಮುಂದೆ ಕೂತೆ. ಹುಬ್ಬಳ್ಳಿಯಲ್ಲಿ ಎರಡೂ ಉಳಿದಿದ್ದವು, ಮಕ್ಕಳ ವಿಭಾಗದ್ದೊಂದು ಸೀಟು, ರೇಡಿಯಾಲಜಿಯದೊಂದು. ಗುಮಾಸ್ತ ಪೆನ್ನು ಹಿಡಿದು ಕಾದ. ಅಲ್ಲಿ ನನ್ನವರು ಅಂತ ಒಬ್ಬರೂ ಇರಲಿಲ್ಲ. ಯಾವುದನ್ನು ಬೇಕಾದರೂ ಹೇಳಬಹುದಿತ್ತು. ಮುಚ್ಚಿದ ಕಿಟಕಿ, ಬರಲಿರುವ ಮಷಿನ್, ಹೊರಗೆ ನನ್ನ ಚೀಲ ಹಿಡಿದು ನಿಂತ ಭಾವ, ಎಲ್ಲ ಒಮ್ಮೆಲೇ ಎದೆಯ ಮೇಲೆ ಬಂದು ಕೂತಂತಾಯಿತು.

"ರೇಡಿಯಾಲಜಿ," ಅಂದೆ.

"ಯೋಚನೆ ಮಾಡಿ ಮೇಡಂ. ಆಮೇಲೆ ಬದಲಾಯಿಸೋಕಾಗಲ್ಲ."

"ಅದೇ ಇರ‍್ಲಿ," ಅಂದೆ. ನನ್ನ ಬಾಯಿಂದಲೇ ಬಂದ ಮಾತು. ಯಾರ ಮೇಲೂ ಹಾಕುವಂತಿರಲಿಲ್ಲ.

ಓದು ಕಷ್ಟವೆನಿಸಲಿಲ್ಲ. ಆದರೆ ಎಕ್ಸ್‌ರೇ ಫಿಲ್ಮು ನೋಡುವ ಕತ್ತಲೆಕೋಣೆಯಲ್ಲಿ ಎಷ್ಟೋ ಸಲ ಉಸಿರು ಕಟ್ಟಿದಂತಾಗಿ, ನೀರು ಕುಡಿಯುವ ನೆವ ಹೇಳಿ ಹೊರಗೆ ಬಂದು ವರಾಂಡದಲ್ಲಿ ನಿಂತಿದ್ದೇನೆ. ಮೂರು ವರ್ಷ ಹಾಗೇ ಕಳೆದು, ಎಂಡಿ ಮುಗಿಸಿ ರಾಣೆಬೆನ್ನೂರಿಗೆ ಬಂದೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಬೇರೆ ಡಾಕ್ಟರು ಕೂತಿದ್ದರು. ಭಾವನ ಗೆಳೆಯರೊಬ್ಬರ ಅಳಿಯ. ಬಂದು ಆಗಲೇ ವರ್ಷವಾಗಿತ್ತಂತೆ. ಓದು ಕೆಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ.

"ಮಷಿನ್ ಸುಮ್ಮನ ಇಡಾಕ ಬರತೈತೇನು?" ಅಂದರು ಭಾವ. "ಪೇಷಂಟ್ ಅವರಿಗೇ ಹೊಂದ್ಯಾರ. ನೀ ಬೇಕಾದ್ರ ಮಧ್ಯಾಹ್ನ ಎರಡು ತಾಸು ಕುಂದ್ರು."

ನಗು ಬಂತು. ಮೇಲೆ ಬಂದು ಗಂಡನಿಗೆ ಹೇಳಿದೆ.

"ಅವತ್ತ ನೀ ಮಕ್ಕಳ ಸೀಟು ತಗೊಂಡಿದ್ರ ನಾ ಏನೂ ಅಂತಿದ್ದಿಲ್ಲ," ಅಂದರು ಅವರು.

"ಅವಾಗ ಯಾಕ ಹೇಳಲಿಲ್ಲರಿ?"

"ನೀ ಕೇಳಲಿಲ್ಲಲ್ಲ."

ಅದು ಖರೇ. ನಾನು ಕೇಳಿರಲಿಲ್ಲ. ಅಣ್ಣನ ಮಾತೇ ತಮ್ಮನ ಮಾತು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಆ ತಿಂಗಳೇ ಹಾವೇರಿಯಲ್ಲಿ ಬೇರೊಬ್ಬರ ಸ್ಕ್ಯಾನಿಂಗ್ ಸೆಂಟರಿಗೆ ಸೇರಿದೆ. ಕೆಲಸ ಚೆನ್ನಾಗಿಯೇ ಮಾಡಿದ್ದೇನೆ. ತಪ್ಪು ರಿಪೋರ್ಟ್ ಕೊಟ್ಟೆನೆಂದು ಯಾರೂ ಬೆರಳು ತೋರಿಸಿಲ್ಲ. ಹೊಸಬರು ಯಾರಾದರೂ "ಮೊದಲಿಂದ ಇದರಾಗ ಆಸಕ್ತಿ ಇತ್ತೇನ್ರಿ ಮೇಡಂ?" ಎಂದು ಕೇಳಿದರೆ, ಹೌದೆಂದು ಹೇಳಿ ಮುಂದಿನ ಪೇಷಂಟನ್ನು ಕರೆಯುತ್ತೇನೆ.