ಮುಚ್ಚದ ಕಿಟಕಿಯ ಜೈತೂನ್ ಬೀ

ಬಾಗಿಲಿನಿಂದ ಹೆಸರು ಪಡೆದ ಕೋಟೆಗಳು ಲೋಕದಲ್ಲಿ ಬೇಕಾದಷ್ಟಿವೆ. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಗೆ ಮಾತ್ರ ಕಿಟಕಿಯಿಂದ ಹೆಸರು ಬಂದಿತ್ತು. ಅದು ಜೈತೂನ್ ಬೀ ಮನೆಯ ಕಿಟಕಿ. ಅದು ಮುಚ್ಚಿದ್ದನ್ನು ಕಂಡವರಿಲ್ಲ. ಆಷಾಢದ ಗಾಳಿ ಬಂದು ನೂಕಿ ನೋಡಿತು, ಸೋತು ಚಾಮುಂಡಿ ಬೆಟ್ಟದ ಕಡೆ ಹೊರಟುಹೋಯಿತು. ಧನುರ್ಮಾಸದ ಚಳಿ ಬಂದು ಕಾಲು ಹಿಡಿಯಿತು, ಕಿಟಕಿ ಕದಲಲಿಲ್ಲ. ಹಿಂದೊಮ್ಮೆ ಯಾರೋ ತಿಳಿಯದೆ ಮುಚ್ಚಿಬಿಟ್ಟಿದ್ದರಂತೆ. ಒಳಗೆ ಸಿಕ್ಕಿಕೊಂಡ ಜೈತೂನ್ ಬೀ ದನಿ ಬೇರೆ ದಾರಿ ಕಾಣದೆ ಎರಡು ಹೆಂಚು ಹಾರಿಸಿಕೊಂಡು ಆಚೆ ಬಂತಂತೆ. ಹೂ ಮಾರುವ ಮಂಗಳಮ್ಮನ ಪ್ರಕಾರ ಹೆಂಚು ನಾಲ್ಕು. ಅಲ್ಲದೆ ಆ ಕಿಟಕಿಯಲ್ಲಿ ದೇವದೂತರೊಬ್ಬರು ಬಂದು ಹೋಗುತ್ತಿದ್ದರಂತೆ.

ಜೈತೂನ್ ಬೀ ಊದಿನಕಡ್ಡಿ ಹೊಸೆಯುವ ಹೆಂಗಸು. ಕಿಟಕಿಯ ಪಕ್ಕದಲ್ಲಿ ಮಣೆ ಇಟ್ಟುಕೊಂಡು, ಇದ್ದಿಲ ಹಿಟ್ಟಿನಲ್ಲಿ ಮೊಣಕೈವರೆಗೂ ಕಪ್ಪಾಗಿ, ಹೊಸೆದ ಹಸಿ ಕಡ್ಡಿಗಳನ್ನು ಸುತ್ತಲೂ ಚಾಪೆಯ ಮೇಲೆ ಹರಡಿಕೊಂಡು ಕೂತಿರುತ್ತಿದ್ದಳು. ಬಾಯಲ್ಲಿ ಸದಾ ನಾತ್, ಎಂದರೆ ಪೈಗಂಬರರನ್ನು ಕೊಂಡಾಡುವ ಹಾಡು. ಆ ಹಾಡಿನ ಲಯ ಹಿಡಿದೇ ಗಲ್ಲಿಯ ಉಳಿದ ಹೆಂಗಸರ ಕೈಯೂ ಮಣೆಯ ಮೇಲೆ ಓಡುತ್ತಿತ್ತು.

ವರ್ಷಕ್ಕೊಮ್ಮೆ, ಪೈಗಂಬರರು ಹುಟ್ಟಿದ ದಿನದ ಮೀಲಾದಿನಲ್ಲಿ, ಹೆಂಗಸರ ಕೂಟದ ಕೊನೆಗೆ ಸಲಾಮ್ ಎತ್ತುವವಳೂ ಆಕೆಯೇ. ಸಲಾಮ್ ಅಂದರೆ ಪೈಗಂಬರರಿಗೆ ಹಾಡಿನಲ್ಲೇ ಸಲ್ಲಿಸುವ ವಂದನೆ. ಅದು ಕಿವಿಗೆ ಬಿದ್ದ ಮೇಲೆ ಯಾರೂ ಕೂತಿರುವಂತಿಲ್ಲ. ಎದ್ದು ಕೈಕಟ್ಟಿ ನಿಲ್ಲಬೇಕು. ಗಂಡ ಹೋಗಿ, ಮಕ್ಕಳಿಲ್ಲದೆ ಒಬ್ಬಳೇ ಉಳಿದ ಜೈತೂನ್ ಬೀಗೆ ಆ ಸಲಾಮೇ ಸಿಂಹಾಸನ, ಅದೇ ದಸರಾ.

ಐವತ್ತೆಂಟನೇ ಇಸವಿಯಲ್ಲಿ ಗೌಸ್ ಮೊಹಿದ್ದೀನ್ ಸಾಹೇಬರು ಮಸೀದಿ ಕಮಿಟಿಗೆ ಹೊಸ ಸೆಕ್ರೆಟರಿಯಾದರು. ಅರಸರ ಕಾಲ ಮುಗಿದು ಮಂತ್ರಿಗಳ ಕಾಲ ಬಂದಿತ್ತು. ಎಲ್ಲರಿಗೂ ಏನನ್ನಾದರೂ ಸುಧಾರಿಸುವ ಉಮೇದು. ಸಾಹೇಬರೂ ಸುತ್ತ ಕಣ್ಣು ಹಾಯಿಸಿದರು. ಚರಂಡಿ ಮುನಿಸಿಪಾಲಿಟಿಯದು. ಮಿನಾರಿನ ಬಿರುಕಿಗೆ ಚಂದಾ ಎತ್ತಬೇಕು. ಸುಲಭದಲ್ಲಿ ಸುಧಾರಿಸಬಹುದಾದದ್ದು ತಮ್ಮ ಎದುರುಮನೆಯ ಕಿಟಕಿಯೊಂದೇ ಎಂದು ಅವರಿಗೆ ತೋಚಿತು. ಶೇರವಾನಿಯ ಗುಂಡಿ ಹಾಕಿಕೊಂಡು ದಂಡಯಾತ್ರೆ ಹೊರಟರು. ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ಜೈತೂನ್ ಬೀಯನ್ನು ಅವರೂ ಖಾಲಾ ಎಂದೇ ಕರೆಯುತ್ತಿದ್ದರು.

"ಖಾಲಾ, ಹೆಂಗಸಿನ ದನಿ ಬೀದಿಗೆ ಬೀಳಬಾರದು. ಹಾಡಬೇಡಿ ಅನ್ನಲ್ಲ. ಕಿಟಕಿ ಮುಚ್ಚಿಕೊಂಡು ಹಾಡಿ."

"ಮುಚ್ಚಲ್ಲ."

"ಅರ್ಧನಾದ್ರೂ?"

"ಅರ್ಧನೂ ಇಲ್ಲ, ಕಾಲೂ ಇಲ್ಲ. ನಿನ್ನ ತೊಟ್ಟಿಲು ತೂಗಿದ್ದೂ ಇದೇ ದನಿ ಕಣೋ ಗೌಸು. ಆವಾಗ ಮುಚ್ಚು ಅಂದ್ಯಾ? ಬಾಯಿ ಬಿಟ್ಕೊಂಡು ನಿದ್ದೆ ಹೊಡೆದೆ."

ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಮಂಗಳಮ್ಮ, "ಆವಾಗ ಅವರಿನ್ನೂ ಸೆಕ್ರೆಟರಿ ಆಗಿರ್ನಿಲ್ಲ ಬುಡಿ ಜೈತೂನಮ್ಮ" ಎಂದಳು.

ಸಾಹೇಬರ ಕಿವಿ ಕೆಂಪಾಯಿತು. "ಹಂಗಾದ್ರೆ ಕೇಳಿ ಖಾಲಾ. ಈ ಸಲ ಮೀಲಾದು ನಮ್ಮನೇಲಿ. ಸಲಾಮು ಬೇರೆಯವರು ಎತ್ತುತಾರೆ. ಕಿಟಕಿ ಮುಚ್ಚಿದ ದಿನ ನೀವು ಬನ್ನಿ."

ಜೈತೂನ್ ಬೀ ಕೈ ನಿಂತಿತು. ಹೊಸೆಯುತ್ತಿದ್ದ ಕಡ್ಡಿ ಸೊಟ್ಟಗಾಯಿತು. ಆಕೆ ಅದನ್ನು ಕಿತ್ತು ಹಿಟ್ಟಿಗೇ ಸೇರಿಸಿ ಹೊಸದಾಗಿ ನಾದಿದಳು.

"ನಿನ್ನ ಮನೆ ನಿಂದು, ನನ್ನ ಕಿಟಕಿ ನಂದು. ಸಲಾಮು ಮಾತ್ರ ನಿನ್ನ ಕಮಿಟೀದಲ್ಲ. ಇಲ್ಲಿಂದಲೇ ಎತ್ತುತೀನಿ, ಹೋಗು."

ಮೀಲಾದಿನ ದಿನ ಬಂತು. ಸಾಹೇಬರು ಚನ್ನಪಟ್ಟಣದಿಂದ ನಾದಿನಿಯನ್ನು ಕರೆಸಿದ್ದರು. ಒಳಗೆ ಪರದೆಯ ಹಿಂದೆ ಹೆಂಗಸರು, ಹೊರಗೆ ಜಗಲಿಯ ಮೇಲೆ ಸಾಹೇಬರೂ ಕಮಿಟಿಯ ಹಿರಿಯರೂ. ನಾದಿನಿಯ ದನಿ ಪರದೆ ದಾಟಲಿಲ್ಲ. ಪರದೆಯ ಒಳಗೂ ಎರಡನೇ ಸಾಲು ದಾಟಲಿಲ್ಲವೆಂದು ಆಮೇಲೆ ತಿಳಿಯಿತು. "ದನಿ ಅಂದ್ರೆ ಹೀಗಿರಬೇಕು" ಎಂದು, ಏನೂ ಕೇಳಿಸದ ಸಾಹೇಬರು ತಲೆದೂಗುತ್ತ, ಅಕ್ಕಿ ಪಾಯಸದಂಥ ಫಿರ್ನಿಯ ಬಟ್ಟಲಿಗೆ ಕೈಹಾಕಿದರು.

ಆಗ ಎದುರು ಕಿಟಕಿಯಿಂದ ಸಲಾಮ್ ಎದ್ದಿತು.

ಪರದೆಯ ಹಿಂದೆ ಬಳೆಗಳ ಸದ್ದಾಯಿತು. ಅಷ್ಟೂ ಹೆಂಗಸರು ಎದ್ದು ನಿಂತರು. ನಾದಿನಿಯೂ ಪುಸ್ತಕ ಮಡಿಸಿ ನಿಂತಳು. ಜಗಲಿಯ ಮುದುಕರು ಮಂಡಿ ಹಿಡಿದುಕೊಂಡು ಒಬ್ಬರ ಹಿಂದೊಬ್ಬರು ಎದ್ದರು. ಬೀದಿಯಲ್ಲಿ ಹೋಗುತ್ತಿದ್ದ ಜಟಕಾದವನು ಲಗಾಮು ಎಳೆದು ಕೆಳಗಿಳಿದ. ಮಂಗಳಮ್ಮನೂ ಬುಟ್ಟಿ ಪಕ್ಕಕ್ಕಿಟ್ಟು ಎದ್ದಳು: "ಎಲ್ರೂ ಎದ್ದವ್ರೆ, ನಾನೊಬ್ಳು ಕೂತಿದ್ರೆ ಚೆಂದ್ವಾ?"

ಕೂತವರು ಸಾಹೇಬರೊಬ್ಬರೇ. ಎದ್ದರೆ ಕಿಟಕಿಗೆ ಸೋತಂತೆ. ಕೂತರೆ ಪೈಗಂಬರರ ಸಲಾಮಿಗೆ ಕೂತಂತೆ. ಈ ಧರ್ಮಸಂಕಟವನ್ನು ತಲೆ ಬಿಡಿಸುವ ಮೊದಲೇ ಕಾಲುಗಳು ತಾವಾಗಿ ಎದ್ದುಬಿಟ್ಟವು. ಬಟ್ಟಲನ್ನು ಎಲ್ಲಿಡುವುದೆಂದು ತೋಚದೆ ಕಂಕುಳಲ್ಲಿ ಒತ್ತಿಕೊಂಡು ಕೈಕಟ್ಟಿದರು. ಫಿರ್ನಿ ಶೇರವಾನಿಯ ಒಳಗೆ ನಿಧಾನವಾಗಿ ಇಳಿಯತೊಡಗಿತು. ಮುಗಿಯಿತೆಂದು ಕೂರಲು ಬಗ್ಗಿದಾಗಲೆಲ್ಲ ಇನ್ನೊಂದು ನುಡಿ ಶುರುವಾಗುತ್ತಿತ್ತು. ಆ ದಿನ ಸಲಾಮಿನ ನುಡಿಗಳು ಬೇಕೆಂದೇ ಹೆಚ್ಚಾಗಿದ್ದವೆಂಬ ಗುಮಾನಿ ಅವರಿಗೆ ಸಾಯುವವರೆಗೂ ಹೋಗಲಿಲ್ಲ.

ಸಂಜೆ ಸಾಹೇಬರು ಬೇರೆ ಶೇರವಾನಿ ತೊಟ್ಟು, ತಾಜಾ ಫಿರ್ನಿ ತೆಗೆದುಕೊಂಡು ಕಿಟಕಿಯ ಮುಂದೆ ನಿಂತರು. ಅವರ ಬೆನ್ನಿಗೆ ಇಡೀ ಗಲ್ಲಿ ನಿಂತಿತು.

"ಮುಂದಿನ ವರ್ಷ ನೀವೇ ಬಂದು ಎತ್ತಿ ಖಾಲಾ. ಕಿಟಕಿ ಹೆಂಗಾದ್ರೂ ಇರಲಿ."

"ಬರ್ತೀನಿ."

"ಒಂದು ಮಾತು ಹೇಳಿಬಿಡಿ. ಗಾಳಿಗೆ ಬಗ್ಗಲಿಲ್ಲ, ಚಳಿಗೆ ಬಗ್ಗಲಿಲ್ಲ, ಕಮಿಟಿಗೂ ಬಗ್ಗಲಿಲ್ಲ. ಇದೇನು ಹರಕೆ? ಯಾರಿಗೆ ಕೊಟ್ಟ ಮಾತು?"

ದೇವದೂತರ ಹೆಸರು ಈಗ ಬಂತು ಎಂದು ಮಂಗಳಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದಳು.

ಜೈತೂನ್ ಬೀ ಬಾಯಲ್ಲಿದ್ದ ಫಿರ್ನಿ ನುಂಗಿದಳು. ಚಾಪೆಯ ಕಡೆ ಒಮ್ಮೆ ನೋಡಿದಳು.

"ಮುಚ್ಚಿದ್ರೆ ಕಡ್ಡಿ ಒಣಗಲ್ಲ ಕಣೋ."