ನೋಡಿದವನ ಅಂಗಡಿ

ನಮ್ಮ ಬಸ್‌ಸ್ಟಾಪಿನ ಚಹಾದಂಗಡಿಯ ಮಾಡಿಗೆ ದೊಡ್ಡ ಬ್ಯಾನರ್ ಕಟ್ಟಿತ್ತು. ಪಕ್ಕದ ಮನೆಯ ದೊಡ್ಡಮ್ಮನ ಮಗನ ಫೋಟೊ, ಕೆಳಗೆ ಕೆಂಪು ಅಕ್ಷರದಲ್ಲಿ 'ನ್ಯಾಯ ಸಿಗಲಿ'. ಪಾಠ ಮಾಡಲು ಮೂಡುಬಿದಿರೆಯ ಕಾಲೇಜಿಗೆ ಹೋಗುವಾಗ ದಿನವೂ ಅದರ ಕೆಳಗೆ ನಿಂತೇ ಬಸ್ಸಿಗೆ ಕಾಯಬೇಕಿತ್ತು. ಅದನ್ನು ಕಟ್ಟಿದ ಅಂಗಡಿಯವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಪೊಲೀಸರ ಪ್ರಕಾರ ಅವರು ಹುಡುಗನನ್ನು ಹಿಡಿದೇ ಇರಲಿಲ್ಲ. ಜೀಪು ಕಂಡು ಓಡಿದ, ಕಲ್ಲುಕೋರೆಗೆ ಬಿದ್ದು ಸತ್ತ. ಆದರೆ ಹೆಣದ ಎರಡೂ ಮಣಿಕಟ್ಟಿನಲ್ಲಿ ಕಟ್ಟಿದ ಗುರುತಿತ್ತು. ಅವನ ಸ್ಕೂಟರ್ ಸಿಕ್ಕಿದ್ದು ಕೋರೆಯ ಹತ್ತಿರವಲ್ಲ, ಈ ಅಂಗಡಿಯ ಎದುರು. ಮಳೆಗೆ ನೆನೆಯದ ಹಾಗೆ ಅದನ್ನು ಮಾಡಿನ ಅಡಿಗೆ ತಳ್ಳಿಟ್ಟವನು ಅಂಗಡಿಯವನೇ. ಅವನು ಏನೋ ನೋಡಿದ್ದಾನೆ ಎಂದು ಊರಿಗೆಲ್ಲ ಗೊತ್ತಿತ್ತು. ಅವನು ಮಾತ್ರ, ಒಳಗೆ ಬಜ್ಜಿ ಕಾಯಿಸುತ್ತಿದ್ದೆ, ಏನೂ ಕಾಣಲಿಲ್ಲ ಎನ್ನುತ್ತಿದ್ದ. ಪೊಲೀಸ್ ಜೀಪು ಚಹಾಕ್ಕೆ ನಿಲ್ಲುವುದೂ ಅಲ್ಲೇ.

ಬೆಂಬಲಕ್ಕೇನೂ ಕೊರತೆ ಇರಲಿಲ್ಲ. ಬಿ.ಸಿ.ರೋಡಿನಲ್ಲಿ ಸಭೆಯಾಯಿತು. ಭಾಷಣ ಮಾಡಿದವರು ಸತ್ತವನನ್ನು ತಮ್ಮ ತಮ್ಮ ಗುಂಪಿಗೆ ಸೇರಿಸಿಕೊಂಡು, ಫೋಟೊ ತೆಗೆಸಿಕೊಂಡು ಹೋದರು. ಬಸ್ಸಿನವರು ದೊಡ್ಡಮ್ಮನ ಹತ್ತಿರ ಟಿಕೇಟು ಕೇಳುತ್ತಿರಲಿಲ್ಲ. ನಿಜವಾಗಿ ಕೆಲಸಕ್ಕೆ ಬಂದವರು ದೊಡ್ಡಮ್ಮನ ಜೊತೆ ಬೀಡಿ ಕಟ್ಟುವ ಹೆಂಗಸರು. ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಹುಡುಗನ ಸಾವಿನ ವಿಚಾರಣೆ ಇದ್ದ ದಿನ ದೊಡ್ಡಮ್ಮನ ಪಾಲಿನ ಎಲೆ, ಹೊಗೆಸೊಪ್ಪನ್ನು ತಾವೇ ಹಂಚಿಕೊಂಡು ಕಟ್ಟಿ, ದೊಡ್ಡಮ್ಮನ ಹೆಸರಿನಲ್ಲೇ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದರು. ಕಾಗದಪತ್ರ ಓದಿ ಹೇಳಲು ನಾನು ಜೊತೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಅದೇ ಮಾತು: ಕಣ್ಣಾರೆ ನೋಡಿದವರಿದ್ದರೆ ಕರೆತನ್ನಿ. ಕೊನೆಗೊಮ್ಮೆ ಅಧಿಕಾರಿ, ಮುಂದಿನ ಸಲವೂ ಯಾರೂ ಬಾರದಿದ್ದರೆ ವರದಿ ಮುಗಿಸುತ್ತೇನೆ ಎಂದರು.

ಅವತ್ತು ಬಸ್ಸಿಳಿದು ದೊಡ್ಡಮ್ಮ ನೇರ ಅಂಗಡಿಯೆದುರು ನಿಂತರು. ಅಂಗಡಿಯವನು ಸ್ಟೂಲು ತಂದಿಟ್ಟ. ಅವರು ಕೂರಲಿಲ್ಲ.

"ಅಕ್ಕ, ನಾನು ದೈವಕ್ಕೆ ಹೇಳಿಕೊಂಡಿದ್ದೇನೆ. ದೈವ ಎಲ್ಲ ನೋಡಿದೆ," ಎಂದ.

"ದೈವ ನೋಡಿದ್ದನ್ನು ಬೆಳ್ತಂಗಡಿಯಲ್ಲಿ ಬರ್ಕೊಳ್ಳುವುದಿಲ್ಲ ಮಾರಾಯ. ನೀನು ನೋಡಿದ್ದನ್ನು ಬರ್ಕೊಳ್ತಾರೆ," ದೊಡ್ಡಮ್ಮ ತುಳುವಿನಲ್ಲೇ ಹೇಳಿದರು.

ಅವನು ಲೋಟ ತೊಳೆಯಲು ಹೋದ.

ಮರುದಿನ ಬೆಳಿಗ್ಗೆ ಬೀಡಿಯ ಹೆಂಗಸರು ಎಲೆ ತುಂಬಿದ ಮೊರ ಹಿಡಿದು ಬಂದು ಅವನ ಜಗಲಿಯಲ್ಲಿ ಕೂತರು. ಘೋಷಣೆ ಇಲ್ಲ, ಏನಿಲ್ಲ. ಎಲೆ ಕತ್ತರಿಸಿದರು, ಸುರುಳಿ ಸುತ್ತಿದರು, ನೂಲು ಕಟ್ಟಿದರು. ಗಿರಾಕಿಗಳು ಅವರನ್ನು ದಾಟಿಕೊಂಡು ಒಳಗೆ ಹೋಗಬೇಕಿತ್ತು. ಒಬ್ಬಳು ಚಹಾ ಕೇಳಿದಳು. ಹಾಲಿಲ್ಲ ಎಂದ.

"ಹಾಲು ಉಂಟು. ಈಗ ವ್ಯಾನಿನಿಂದ ಇಳಿಸಿದ್ದನ್ನು ನೋಡಿದ್ದೇವೆ. ನಾವು ನೋಡಿದರೆ ನೋಡಿದ್ದೇವೆ ಅಂತ ಹೇಳುವವರು."

ಉಳಿದವರು ತಲೆಯೆತ್ತದೆ ನಕ್ಕರು. ವಿಚಾರಣೆಯ ಹಿಂದಿನ ದಿನದವರೆಗೂ ಅವರು ಬಂದು ಕೂತರು.

ವಿಚಾರಣೆಯ ದಿನ ಅಂಗಡಿಯವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಮ್ಮದೇ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಿದ. ದಾರಿಯುದ್ದಕ್ಕೂ ಯಾರ ಮುಖವನ್ನೂ ನೋಡಲಿಲ್ಲ. ಅಧಿಕಾರಿಯೆದುರು ಮಾತ್ರ ತಡವರಿಸದೆ ಹೇಳಿದ. ಹುಡುಗನನ್ನು ಅಂಗಡಿಯೆದುರೇ ಹಿಡಿದರು, ಕೈ ಹಿಂದಕ್ಕೆ ಕಟ್ಟಿದರು, ಅವನು ತನ್ನ ಕಾಲಿನಲ್ಲೇ ನಡೆದು ಜೀಪು ಹತ್ತಿದ. ಕೊನೆಗೆ ಇನ್ನೊಂದು ಮಾತು ಸೇರಿಸಿದ. ಹತ್ತುವ ಮೊದಲು ಹುಡುಗ ಅಂಗಡಿಯ ಕಡೆ ತಿರುಗಿ, "ಅಮ್ಮನಿಗೆ ಹೇಳಿ, ನನ್ನನ್ನು ಕರ್ಕೊಂಡು ಹೋಗ್ತಾ ಇದ್ದಾರೆ ಅಂತ," ಎಂದಿದ್ದನಂತೆ.

ಹುಡುಗನನ್ನು ಹಿಡಿದ ದಿನ ಸಂಜೆಯೇ ದೊಡ್ಡಮ್ಮ ಅದೇ ಅಂಗಡಿಗೆ ಬಂದು ಮಗನನ್ನು ಕಂಡೆಯಾ ಎಂದು ಕೇಳಿದ್ದರು. ಇಲ್ಲ ಎಂದಿದ್ದ. ಆಗ ಹೇಳಿದ್ದರೆ ನಾವೆಲ್ಲ ಸ್ಟೇಷನ್ನಿನ ಬಾಗಿಲಲ್ಲಿ ಹೋಗಿ ಕೂರುತ್ತಿದ್ದೆವು. ಹುಡುಗ ಆಗಿನ್ನೂ ಬದುಕಿದ್ದನೋ ಏನೋ. ಹೇಳಲಿಲ್ಲ, ಸತ್ತ ಮೇಲೆ ಬ್ಯಾನರ್ ಕಟ್ಟಿದ.

ಇನ್ನೇನಾದರೂ ಹೇಳಲಿಕ್ಕುಂಟಾ ಎಂದು ಅಧಿಕಾರಿ ಕೇಳಿದರು. ತುಳು ಬಿಟ್ಟು ಬೇರೆ ಮಾತಾಡದ ದೊಡ್ಡಮ್ಮ ಎದ್ದು ನಿಂತು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದರು: "ಉಂಟು. ಮಗನ ಆ ಮಾತು ನನಗೆ ಮುಟ್ಟಿದ್ದು ಇವತ್ತು. ಅದನ್ನೂ ಬರೆದುಕೊಳ್ಳಿ."

ಬರೆದುಕೊಂಡರು.

ಸಂಜೆ ಬಸ್ಸಿಳಿದು ದೊಡ್ಡಮ್ಮ ಬ್ಯಾನರಿನ ಒಂದು ಮೂಲೆಯ ಹಗ್ಗ ಬಿಚ್ಚತೊಡಗಿದರು. ಅಂಗಡಿಯವನು ನೆರವಿಗೆಂದು ಕೈ ಚಾಚಿದ. ನಾನು ಆ ಕೈಯನ್ನು ತಳ್ಳಿ, ಸ್ಟೂಲು ಹತ್ತಿ, ಇನ್ನೊಂದು ಮೂಲೆ ಬಿಚ್ಚಿದೆ.